ಟ್ಯಾಂಕಿನ ಬಾಯಿಗೆ ನಿಂತ ಅಣ್ಣ

ಮುಧೋಳದ ಹತ್ತಿರದ ಒಂದು ಸಕ್ಕರೆ ಕಾರ್ಖಾನೆಯಲ್ಲಿ ನಾನು ಸುರಕ್ಷತಾ ಅಧಿಕಾರಿಯಾಗಿದ್ದೆ. ಜಮಖಂಡಿಯ ಮನೆಯಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಕಬ್ಬು ಅರೆಯುವ ಹಂಗಾಮು ಮುಗಿದರೆ ಕಾರ್ಖಾನೆ ನಿದ್ದೆ ಹೋಗುತ್ತದೆ ಎಂದು ಹೊರಗಿನವರು ತಿಳಿಯುತ್ತಾರೆ. ನನಗೆ ಅಂಜಿಕೆ ಶುರುವಾಗುತ್ತಿದ್ದುದೇ ಆಗ. ಎಲ್ಲವನ್ನೂ ಬಿಚ್ಚಿ ತೊಳೆಯಲು ಮನುಷ್ಯರು ಒಳಗೆ ಇಳಿಯುವ ಕಾಲ ಅದು.

ಕಾಕಂಬಿಯ ಟ್ಯಾಂಕೆಂದರೆ ನನಗೆ ಎಲ್ಲಕ್ಕಿಂತ ಹೆಚ್ಚು ಭಯ. ಕಾಕಂಬಿ ಅಂದರೆ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ. ಟ್ಯಾಂಕು ಬರಿದಾದರೂ ತಳದಲ್ಲಿ ಗಸಿ ಉಳಿದು ಹುಳಿಯುತ್ತದೆ. ಅದನ್ನು ಕೆದಕಿದಾಗ ಏಳುವ ವಿಷಗಾಳಿ ಕಣ್ಣಿಗೆ ಕಾಣುವುದಿಲ್ಲ. ಒಳಗೆ ಒಬ್ಬ ಬೀಳುತ್ತಾನೆ. ಅವನನ್ನು ಎತ್ತಲು ಇನ್ನೊಬ್ಬ ಇಳಿದು ಅವನೂ ಬೀಳುತ್ತಾನೆ. ಇಂಥ ಸುದ್ದಿಗಳಲ್ಲಿ ಎರಡನೆಯವನು ಸಾಮಾನ್ಯವಾಗಿ ಮೊದಲನೆಯವನ ಗೆಳೆಯನೋ ಸಂಬಂಧಿಕನೋ ಆಗಿರುತ್ತಿದ್ದ.

ಆ ವರ್ಷ ಟ್ಯಾಂಕಿಗೆ ಇಳಿಯಬೇಕಾದವನು ರನ್ನ ಬೆಳಗಲಿಯ ಒಬ್ಬ ಹುರುಪಿನ ಗಂಡಸು. ಅವನ ಅಣ್ಣನೂ ನಮ್ಮಲ್ಲೇ ಫಿಟ್ಟರ್. ಕೆಲಸಕ್ಕೆ ಮುಂಚೆ ಎಲ್ಲರನ್ನೂ ಟ್ಯಾಂಕಿನ ನೆರಳಿನಲ್ಲಿ ಕೂರಿಸಿಕೊಂಡು ಏನೇನು ಕೆಡಬಹುದೆಂದು ಮಾತಾಡುವುದು ನನ್ನ ರೂಢಿ. ಗಾಳಿ ಊದುವ ಫ್ಯಾನು, ಸೊಂಟ-ಭುಜಕ್ಕೆ ಬಿಗಿಯುವ ಬೆಲ್ಟು, ಟ್ಯಾಂಕಿನ ಬಾಯಿಯ ಮೇಲೆ ಮೂರು ಕಾಲಿನ ಸ್ಟ್ಯಾಂಡಿಗೆ ಸುತ್ತಿದ ಹಗ್ಗ, ಅದನ್ನು ತಿರುವಿ ಎತ್ತುವ ಹಿಡಿಕೆ, ಒಂದೊಂದನ್ನೂ ಎಳೆದು ನೋಡಿದೆವು.

ಅಣ್ಣ ಹೇಳಿದ: "ಸಾಹೇಬ್ರ, ಮ್ಯಾಲ ನಾ ನಿಂದರತೇನಿ. ಅವನ ಹಗ್ಗ ನನ್ನ ಕೈಯಾಗ ಇರಲಿ."

ನನಗೆ ಮನಸ್ಸಿರಲಿಲ್ಲ. "ಒಡಹುಟ್ಟಿದಾಂವ ಬ್ಯಾಡೋ. ಏನರ ಆದ್ರ ನೀ ಜಿಗದಬಿಡ್ತಿ."

"ಜಿಗಿಯಂಗಿಲ್ರಿ. ನನ್ನಷ್ಟ ಎಚ್ಚರಲೆ ಅವನ್ನ ಯಾರ್ ನೋಡ್ತಾರ?"

ಒಪ್ಪಿದೆ. ಮೀಟರ್ ಇಳಿಬಿಟ್ಟು ಗಾಳಿ ಪರೀಕ್ಷಿಸಿದೆವು; ಸರಿಯಾಗಿತ್ತು. ತಮ್ಮ ಬೆಲ್ಟಿಗೆ ಹಗ್ಗ ಸಿಕ್ಕಿಸಿಕೊಂಡು ಏಣಿ ಹಿಡಿದು ಇಳಿದ. ಅಣ್ಣ ಮೇಲಿನಿಂದ ಆಗಾಗ ಕೂಗುತ್ತಿದ್ದ, ಕೆಳಗಿನಿಂದ "ಹೂಂ" ಎಂದು ಉತ್ತರ ಬರುತ್ತಿತ್ತು.

ಇದ್ದಕ್ಕಿದ್ದಂತೆ ಕರೆಂಟ್ ಹೋಯಿತು. ಫ್ಯಾನು ನಿಂತಿತು.

"ಮ್ಯಾಲ ಬಾರಲೇ, ಬೇಗ!" ಎಂದು ಅಣ್ಣ ಕೂಗಿದ. ತಮ್ಮ ಸಲಿಕೆ ಬಿಸಾಡಿ ಏಣಿಗೆ ಬಂದ. ಕೆಲವು ಮೆಟ್ಟಿಲು ಹತ್ತಿದವನ ಕೈ ಸಡಿಲಾಯಿತು. ಏಣಿಯ ಪಕ್ಕಕ್ಕೆ ವಾಲಿ, ಹಗ್ಗದಲ್ಲಿ ಜೋತುಬಿದ್ದ. ತಲೆ ಎದೆಗೆ ಬಾಗಿತ್ತು.

ಜೊತೆಗಿದ್ದ ವೆಲ್ಡರ್ ಟ್ಯಾಂಕಿನ ಬಾಯಿಗೆ ಕಾಲು ಹಾಕಿಯೇಬಿಟ್ಟ. ಅಣ್ಣ ಒಂದು ಕೈಯಲ್ಲಿ ಹಿಡಿಕೆ ಹಿಡಿದುಕೊಂಡೇ ಇನ್ನೊಂದು ಕೈಯಿಂದ ಅವನ ಅಂಗಿ ಹಿಡಿದು ಹಿಂದಕ್ಕೆ ಎಳೆದ. "ಯಾರೂ ಇಳಿಯಂಗಿಲ್ಲ! ಇಳಿದ್ರ ನನ್ನ ಹೆಣದ ಮ್ಯಾಲೆ ಇಳೀಬೇಕು!"

ತಿರುವತೊಡಗಿದ. ಹಗ್ಗ ಬಿಗಿಯಾಗಿ ನಿಂತುಬಿಟ್ಟಿತು. ನಾನು ಟಾರ್ಚು ಬಿಟ್ಟು ನೋಡಿದರೆ ತಮ್ಮನ ಬೆಲ್ಟು ಏಣಿಯ ಮೆಟ್ಟಿಲಿನ ಅಡಿಗೆ ಸಿಕ್ಕಿತ್ತು. ಎಳೆದಷ್ಟೂ ಬಿಗಿಯುತ್ತಿತ್ತು. ಒಬ್ಬ ಇಳಿದು ಕೈ ಹಾಕಿದ್ದರೆ ಕ್ಷಣದಲ್ಲಿ ಬಿಡಿಸಬಹುದಿತ್ತು. ಅಷ್ಟು ಹತ್ತಿರ ಕಾಣುತ್ತಿತ್ತು.

ಅಣ್ಣ ಒಳಗೆ ನೋಡಿದ. ಆಮೇಲೆ ಹಿಡಿಕೆಯನ್ನು ಉಲ್ಟಾ ತಿರುವಿದ. ಉಸಿರಾಡದ ತಮ್ಮನನ್ನು ಮತ್ತೆ ಕೆಳಕ್ಕೆ, ಆ ವಿಷದೊಳಕ್ಕೆ ಇಳಿಸಿದ. ಬೆಲ್ಟು ಕಳಚಿಕೊಂಡಿತು. "ಸಾಹೇಬ್ರ, ಹಗ್ಗಾ ಈ ಕಡೆ ಜಗ್ಗಿ ಹಿಡೀರಿ" ಎಂದ. ನಾನು ಜಗ್ಗಿದೆ. ಅವನು ತಿರುವಿದ. ಈ ಸಲ ದೇಹ ಏಣಿಗೆ ತಾಗದೆ ನೇರವಾಗಿ ಮೇಲೆ ಬಂತು. ನಾನು ನೋಡುತ್ತಿದ್ದುದು ಅವನ ಕೈಗಳನ್ನು. ಅವು ಒಂದೇ ಸಮನೆ ತಿರುವುತ್ತಿದ್ದವು. ಮುಖದ ಮೇಲೆ ಮಾತ್ರ ನೀರು ಧಾರೆಯಾಗಿ ಹರಿಯುತ್ತಿತ್ತು.

ಮೇಲೆ ಮಲಗಿಸಿ ಬಾಯಿಗೆ ಬಾಯಿಟ್ಟು ಉಸಿರು ಊದಿದೆವು, ಆಕ್ಸಿಜನ್ ಹಿಡಿದೆವು. ತಮ್ಮ ಕೆಮ್ಮಿದ. ಆ ಕೆಮ್ಮು ಕೇಳಿದಾಗ ಅಣ್ಣ ಹಿಡಿಕೆ ಬಿಟ್ಟು ಕುಸಿದು ಕುಳಿತ. ಜೀಪಿನಲ್ಲಿ ಮುಧೋಳದ ಆಸ್ಪತ್ರೆಗೆ ಒಯ್ದೆವು, ತಮ್ಮ ಉಳಿದ.

ಮುಂದಿನ ವಾರ ಅವರ ಮನೆಗೆ ಹೋದೆ. ಊರಲ್ಲಿ ಬೇರೆ ಮಾತು ಹಬ್ಬಿತ್ತು: ತಮ್ಮ ಸಾಯುತ್ತಿದ್ದರೆ ಅಣ್ಣ ಮೇಲೆ ನಿಂತು ನೋಡಿದನಂತೆ. ಅಣ್ಣ ಅಂಗಳದ ಮೂಲೆಯಲ್ಲಿ ತಲೆ ತಗ್ಗಿಸಿ ಕುಳಿತಿದ್ದ. ತಾಯಿ ಚಹಾ ಕೊಟ್ಟು ನೇರವಾಗಿ ಕೇಳಿದಳು: "ಖರೆ ಹೇಳ್ರೀ ಸಾಹೇಬ್ರ. ಇಂವ ಅಂಜಿ ನಿಂತನೇನು?"

ನಡೆದದ್ದನ್ನೆಲ್ಲ ಹೇಳಿದೆ. ಬೆಲ್ಟು ಏಣಿಗೆ ಸಿಕ್ಕಿದ್ದು, ಅವನು ತಮ್ಮನನ್ನು ಮತ್ತೆ ಕೆಳಕ್ಕೆ ಬಿಟ್ಟದ್ದು. ಅಲ್ಲಿಗೆ ಬಂದಾಗ ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಎದ್ದು ಹೋಗಿ ದೊಡ್ಡ ಮಗನ ತಲೆಯ ಮೇಲೆ ಕೈಯಿಟ್ಟಳು.

"ನನ್ನ ಕೈಲೆ ಆಗ್ತಿದ್ದಿಲ್ಲಪಾ. ನಾ ಜಿಗದಬಿಡ್ತಿದ್ನಿ. ಇಬ್ರೂ ಹೋಗ್ತಿದ್ವಿ," ಎಂದಳು.

ಪಡಸಾಲೆಯಲ್ಲಿ ಹಾಸಿಗೆಯ ಮೇಲಿದ್ದ ತಮ್ಮ ಅಣ್ಣನನ್ನೇ ನೋಡುತ್ತಿದ್ದ.

ಮುಂದಿನ ಹಂಗಾಮಿನೊಳಗೆ ಟ್ಯಾಂಕಿನ ಬುಡಕ್ಕೆ ಬಾಗಿಲು ಕೊರೆಸಿ, ಹೊರಗಿನಿಂದಲೇ ನೀರಿನ ರಭಸದಲ್ಲಿ ಗಸಿ ತೊಳೆಯುವಂತೆ ಮಾಡಿಸಿದೆ. ಯಾರೂ ಇಳಿಯಬೇಕಿಲ್ಲದಂತೆ ಮಾಡುವುದೇ ಎಲ್ಲಕ್ಕಿಂತ ದೊಡ್ಡ ರಕ್ಷಣೆ ಎಂದು ತರಬೇತಿಯಲ್ಲಿ ಓದಿದ್ದೆ. ಆದರೆ ಆ ಬಾಗಿಲು ಕೊರೆಯಲು ಆಡಳಿತದವರನ್ನು ಒಪ್ಪಿಸಿದ್ದು ನನ್ನ ಓದಲ್ಲ. ಅಂದು ನಡೆದದ್ದನ್ನು ಅವರ ಮುಂದೆ ಹಾಗೇ ಹೇಳಿದೆ, ಅವತ್ತೇ ಖರ್ಚಿನ ಕಾಗದಕ್ಕೆ ಸಹಿ ಹಾಕಿದರು.