ಬೇವಿನ ನೀರಿನ ಪೇಚ್ಚಿಯಮ್ಮಾಳ್

ತಿರುನೆಲ್ವೇಲಿಯ ಒಂದು ಹಲ್ಲಿನ ಆಸ್ಪತ್ರೆಯಲ್ಲಿ ರೋಗಿಯ ಬಾಯಿಗೆ ಒತ್ತಿ ತೆಗೆದ ಅಚ್ಚು ಯಾರದೇ ಇರಲಿ, ಮೊದಲು ಆಯಾ ಪೇಚ್ಚಿಯಮ್ಮಾಳ್ ಕೈಗೇ ಬರಬೇಕು. ಬಾಟಲಿ ಔಷಧಿಯನ್ನು ಆಕೆ ಮೂಸಿಯೂ ನೋಡುವವಳಲ್ಲ. ಹಿತ್ತಲ ಮರದ ಬೇವನ್ನು ಕುದಿಸಿ ಸೋಸಿದ ನೀರಿನಲ್ಲೇ ಅಚ್ಚಿನ ಕ್ರಿಮಿ ಸಾಯಬೇಕು, ಅದೂ ಸರಿಯಾಗಿ ಹತ್ತು ನಿಮಿಷದಲ್ಲಿ. ಹೆಚ್ಚಾದರೆ ಅಚ್ಚು ನೀರು ಕುಡಿದು ಉಬ್ಬಿ, ಅದರ ಅಳತೆಗೆ ಕಟ್ಟಿದ ಹಲ್ಲು ಬಾಯಲ್ಲಿ ಕೂರುವುದಿಲ್ಲ. ಆಕೆಗೆ ಗಡಿಯಾರ ಬೇಡ, ಅಚ್ಚಿನ ಜೊತೆ ಆಡುವ ಮಾತೇ ಅಳತೆ; ಮಾತು ಮುಗಿದರೆ ಹತ್ತು ನಿಮಿಷ ಮುಗಿಯಿತು. "ಏನ್ ತಾತಾ, ಬರೀ ಎಡಗಡೇನೇ ಅಗೀತೀಯಲ್ಲ, ಬಲಗಡೆ ಏನು ಹೆಂಡತಿ ಕಡೆಯವರದಾ?" ಎಂದು ಗುಲಾಬಿ ಬಣ್ಣದ ಅಚ್ಚನ್ನು ಗದರುತ್ತಾಳೆ. "ಕಹಿ ಅಂತ ಮುಖ ಸಿಂಡರಿಸಬೇಡ, ಇನ್ನೆರಡೇ ನಿಮಿಷ." ಡಾಕ್ಟರ್ ಇಸಕ್ಕಿಮುತ್ತು ಕೈಗಡಿಯಾರ ಹಿಡಿದು ಪರೀಕ್ಷಿಸಿ ಸೋತಿದ್ದಾರೆ. ಆಮೇಲೆ ಕೂಸಿಗೆ ಹೊದಿಸುವಂತೆ ಅಚ್ಚಿಗೆ ಒದ್ದೆ ಬಟ್ಟೆ ಹೊದಿಸುತ್ತಾಳೆ. ನಗು ಬಂದಾಗ ಮಾತ್ರ ಸೆರಗು ಬಾಯಿಗೆ ಹೋಗುತ್ತದೆ, ಏಕೆಂದರೆ ಆಕೆಗೇ ಮುಂದಿನ ಹಲ್ಲುಗಳಿಲ್ಲ. "ಬನ್ನಿ ಪೇಚ್ಚಿಯಮ್ಮಾ, ನಿಮಗೂ ಒಂದು ಸೆಟ್ಟು ಕಟ್ಟಿಕೊಡ್ತೀನಿ" ಎಂದು ಡಾಕ್ಟರು ಹನ್ನೊಂದು ವರ್ಷದಿಂದ ಕರೆಯುತ್ತಿದ್ದಾರೆ. ಆಕೆಯ ಉತ್ತರವೂ ಹನ್ನೊಂದು ವರ್ಷದಿಂದ ಒಂದೇ: "ಬೇಡ ಸಾರ್. ನನ್ನ ಅಚ್ಚು ನೀರಲ್ಲಿ ಮುಳುಗಿರೋವಾಗ ಅದರ ಜೊತೆ ಮಾತಾಡೋರು ಯಾರು?"