ಚಿನ್ನಮ್ಮನ ಬಾವಿಯ ಮೂಗುತಿ ಮೀನು

ಮೀನಿನ ವಾಸನೆಗೆ ಮೂಗು ಮುಚ್ಚಿಕೊಳ್ಳುವ ಮನೆಯಲ್ಲಿ ಹುಟ್ಟಿದ ನಾನು ಈಗ ಬೈಕಿನಲ್ಲಿ ದಿನಾ ಎರಡು ಕ್ಯಾನ್ ಮೀನು ಸಾಗಿಸುತ್ತೇನೆ. ತಿನ್ನುವುದಕ್ಕಲ್ಲ, ಬಾವಿಗೆ ಬಿಡುವುದಕ್ಕೆ. ಸೊಳ್ಳೆಯ ಮರಿಗಳನ್ನು ತಿನ್ನುವ, ಬೆರಳುದ್ದವೂ ಇಲ್ಲದ ಗಂಬೂಸಿಯಾ ಮೀನು. ಒಂದು ಗುತ್ತಿಗೆ ಏಜೆನ್ಸಿ ನನ್ನನ್ನು ಇದಕ್ಕಾಗಿ ಇಟ್ಟುಕೊಂಡಿದೆ. ಅಮ್ಮ ವಿದ್ಯಾನಗರದ ನೆಂಟರಿಗೆಲ್ಲ ‘ನಮ್ಮ ಮಲ್ಲೇಶ ಹೆಲ್ತಲ್ಲಿದಾನೆ’ ಎನ್ನುತ್ತಾಳೆ. ಡಾಕ್ಟರಾ ಎಂದು ಯಾರಾದರೂ ಕೇಳಿದರೆ ಕಾಫಿ ಮಾಡಲು ಒಳಗೆ ಹೋಗುತ್ತಾಳೆ.

ಶಿವಮೊಗ್ಗದ ದುರ್ಗಿಗುಡಿಯ ರೂಮಿನಿಂದ ಹೊರಟು, ಸವಳಂಗ ರಸ್ತೆಯ ಮೀನಿನ ತೊಟ್ಟಿಯಲ್ಲಿ ಕ್ಯಾನ್ ತುಂಬಿಸಿಕೊಂಡು ಭದ್ರಾವತಿ ಮುಟ್ಟುವಷ್ಟರಲ್ಲಿ ಕಾಲು ಭಾಗ ನೀರು ನನ್ನ ಪ್ಯಾಂಟಿನ ಮೇಲಿರುತ್ತದೆ. ಕಳೆದ ಸೆಪ್ಟೆಂಬರಿನಲ್ಲಿ ಚಿನ್ನಮ್ಮ ನನ್ನನ್ನು ಮಾತಾಡಿಸಿದ್ದೂ ಆ ಪ್ಯಾಂಟು ನೋಡಿಯೇ.

“ಏನ್ ತಂಬಿ, ಮೂವತ್ತು ವರ್ಷದಿಂದ ಮೀನ್ ಮಾರೋಳು ನಾನು. ನೀನ್ ನನಗಿಂತ ಜಾಸ್ತಿ ನಾರ್ತೀಯಲ್ಲ!”

ಚಿನ್ನಮ್ಮನಿಗೆ ಅರವತ್ತೆರಡೋ ಅರವತ್ತನಾಲ್ಕೋ. ಅಪ್ಪ ಸೇಲಂ ಕಡೆಯಿಂದ ಕಾರ್ಖಾನೆಯ ಕೂಲಿಗೆ ಬಂದವರು. ಇವರು ಹುಟ್ಟಿದ್ದು ಭದ್ರಾವತಿಯ ಕೂಲಿ ಲೈನಿನಲ್ಲಿ, ಮದುವೆಯಾಗಿದ್ದು ಅದೇ ಲೈನಿನ ಮೂರನೇ ಮನೆಗೆ. ಗಂಡ ತೀರಿಕೊಂಡ ಮೇಲೆ ತಲೆಗೇರಿದ ಅಲ್ಯೂಮಿನಿಯಂ ಬೇಸಿನ್ ಇನ್ನೂ ಇಳಿದಿಲ್ಲ. ಬೆಳಕು ಹರಿಯುವಾಗ ಊರಾಚೆಯ ಹೊನ್ನೆಕಟ್ಟೆ ಕೆರೆಯ ದಡದಲ್ಲಿ ಮೀನು ಕೊಂಡರೆ ಹತ್ತು ಗಂಟೆಯೊಳಗೆ ಮಾರಿ ಮುಗಿಸಬೇಕು. ಕಾಟ್ಲಾ, ಜಿಲೇಬಿಯಂಥ ದೊಡ್ಡ ಮೀನು ಮಾರಾಟಕ್ಕೆ. ಬಲೆಯ ತಳದಲ್ಲಿ ಉಳಿಯುವ ಚಿಲ್ಲರೆ ಮೀನು ಮನೆಯ ಸಾರಿಗೆ.

ಆ ಚಿಲ್ಲರೆಯಲ್ಲೊಂದು ಮೂಗುತಿ ಮೀನು. ಹೆಬ್ಬೆರಳಿನಷ್ಟು ಉದ್ದ, ಬೂದಿ ಬಣ್ಣ, ಮೂತಿಯ ಮೇಲೆ ಒಂದು ಬಿಳಿ ಚುಕ್ಕೆ. ಬಿಸಿಲಿಗೆ ಹಿಡಿದರೆ ಚುಕ್ಕೆ ಹರಳಿನಂತೆ ಹೊಳೆಯುತ್ತದೆ. ಎಷ್ಟೋ ವರ್ಷದ ಹಿಂದೆ ಶಿವಮೊಗ್ಗದ ಕಾಲೇಜಿನಿಂದ ಸುಮನಾ ಎಂಬ ಮೇಡಂ ಬಂದು, ಎರಡು ಮೀನನ್ನು ಗಾಜಿನ ಬಾಟಲಿಗೆ ಹಾಕಿಕೊಂಡು, ‘ಅಮ್ಮಾ, ಇದು ಈ ಕೆರೆ ಬಿಟ್ರೆ ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲ’ ಎಂದಿದ್ದರಂತೆ.

“ನಾನೂ ಈ ಊರು ಬಿಟ್ರೆ ಇನ್ನೆಲ್ಲೂ ಇಲ್ಲ ಮೇಡಂ ಅಂದೆ. ಬಾಟ್ಲಿಗೆ ಹಾಕ್ತಾರೇನೋ ಅಂತ ಭಯ ಆಯ್ತು ಆಮೇಲೆ.”

ಮೂವತ್ತು ವರ್ಷ ಅದನ್ನು ಹುಣಸೆಹುಳಿ ಹಾಕಿ ಸಾರು ಮಾಡಿ ತಿಂದವರು ಚಿನ್ನಮ್ಮ. ಆದರೆ ಎರಡು ಬೇಸಿಗೆಯ ಹಿಂದೆ ಹೂಳೆತ್ತಲು ಕೆರೆಯ ನೀರನ್ನೆಲ್ಲ ಬಿಟ್ಟರು. ಜನ ಬುಟ್ಟಿ, ಸೊಳ್ಳೆ ಪರದೆ ಹಿಡಿದು ಕೆಸರಿಗಿಳಿದು ದೊಡ್ಡ ಮೀನು ಬಾಚಿದರು. ಇವರು ಮಾತ್ರ ಜೆಸಿಬಿಯ ಚಕ್ರದ ಗುಂಡಿಗಳಲ್ಲಿ ತಡಕಾಡಿ, ಎರಡು ಕೊಡಗಳಲ್ಲಿ ಮೂವತ್ತೊಂದು ಮೂಗುತಿ ಮೀನು ಹೊತ್ತು ತಂದು ಮನೆಯ ಹಿಂದಿನ ಬಾವಿಗೆ ಬಿಟ್ಟರು. ನೀರು ತಿಳಿಯಾಗಿರಲೆಂದು ಬಾವಿಗೆ ನಾಲ್ಕು ಮೀನು ಬಿಡುವುದು ಆ ಲೈನಿನಲ್ಲಿ ಹಳೇ ರೂಢಿ. ಯಾರೂ ನಗಲಿಲ್ಲ.

“ತಿನ್ನೋದು ಬೇರೆ ತಂಬಿ, ಇಲ್ದಂಗೆ ಮಾಡೋದು ಬೇರೆ. ಈ ವರ್ಷ ಕೆರೆ ಕೋಡಿ ಬಿದ್ದಿದೆ. ಇವತ್ತು ವಾಪಸ್ ಬಿಡ್ತೀನಿ. ಇಷ್ಟ್ಹೊತ್ತಿಗೆ ನೂರಿನ್ನೂರಾದ್ರೂ ಆಗಿರ್ತಾವೆ. ನನ್ ಭುಜ ನೋವು. ಹಗ್ಗ ಹಿಡಿ ಬಾ.”

ನಾನು ಬಾವಿ ಕಟ್ಟೆಯ ಹತ್ತಿರ ಹೋದೆ. ಒಳಮೈಯಲ್ಲಿ ನೀಲಿ ಬಣ್ಣದಲ್ಲಿ ತಾರೀಖು ಬರೆದಿತ್ತು. ಕೆಳಗೊಂದು ‘ಮ’. ಆ ‘ಮ’ ನಾನೇ.

ಆ ಸೆಪ್ಟೆಂಬರಿನ ಹಿಂದಿನ ವರ್ಷದ ಜುಲೈ. ಚಿನ್ನಮ್ಮ ಮೀನು ಮಾರಲು ಹೋಗಿದ್ದರು. ದಿನಕ್ಕೆ ನಲವತ್ತು ಬಾವಿ ಮುಗಿಸಬೇಕಿತ್ತು, ಇದು ಮೂವತ್ತೆಂಟನೆಯದು. ನಮ್ಮ ಮೊಬೈಲ್ ಆ್ಯಪಿನಲ್ಲಿ ಒಂದು ಪ್ರಶ್ನೆಯಿದೆ: ‘ಬೇರೆ ಮೀನು ಇದೆಯೇ?’ ‘ಇದೆ’ ಎಂದು ಒತ್ತಿದರೆ ಮೀನು ಬಿಡುವಂತಿಲ್ಲ, ಜೊತೆಗೆ ಆ ಮೀನಿನ ನಾಲ್ಕು ಫೋಟೋ ಹಾಕಬೇಕು. ಬಗ್ಗಿ ನೋಡಿದಾಗ ಕೆಳಗೆ ಏನೋ ಮಿನುಗಿದ್ದು ನಿಜ. ‘ಇಲ್ಲ’ ಎಂದು ಒತ್ತಿ ಒಂದು ಮಗ್ಗು ಗಂಬೂಸಿಯಾ ಸುರಿದೆ. ಗಂಬೂಸಿಯಾ ಸೊಳ್ಳೆ ಮರಿಯನ್ನಷ್ಟೇ ತಿನ್ನುವುದಿಲ್ಲ, ಬೇರೆ ಮೀನಿನ ಮೊಟ್ಟೆ ಮರಿಗಳನ್ನೂ ಬಿಡುವುದಿಲ್ಲ ಎಂದು ತರಬೇತಿಯಲ್ಲಿ ಹೇಳಿದ್ದರು. ಅವತ್ತು ಊಟಕ್ಕೆ ಹೋಳಿಗೆ ಇತ್ತು ಎಂಬುದು ನನಗೆ ಹೆಚ್ಚು ಚೆನ್ನಾಗಿ ನೆನಪಿದೆ.

ಚಿನ್ನಮ್ಮ ಹಳೇ ಸೊಳ್ಳೆ ಪರದೆಯನ್ನು ಕಬ್ಬಿಣದ ಬಳೆಗೆ ಹೊಲಿದು ಬಲೆ ಮಾಡಿದ್ದರು. ನಡುವೆ ಅನ್ನದ ಉಂಡೆ. ನಾನು ಇಳಿಸಿದೆ, ಕಾದೆವು, ಎತ್ತಿದೆ. ಬಲೆ ತುಂಬ ಗಂಬೂಸಿಯಾ.

“ಮರಿಗಳು!” ಎಂದರು. ಒಂದನ್ನು ಅಂಗೈಗೆ ಹಾಕಿ ಬಿಸಿಲಿಗೆ ಹಿಡಿದರು. ಇನ್ನೊಂದನ್ನು ಹಿಡಿದರು. “ಚುಕ್ಕೆ ಎಲ್ಲಿ?”

ಹನ್ನೊಂದು ಸಲ ಎತ್ತಿದ ಮೇಲೆ ನಾಲ್ಕು ಮೂಗುತಿ ಮೀನು ಸಿಕ್ಕವು. ನಾಲ್ಕೂ ಮುದಿ, ಬಾಲ ಯಾರೋ ಕಚ್ಚಿದ ಹಾಗೆ ಹರಿದಿತ್ತು. ಮರಿ ಒಂದೂ ಇರಲಿಲ್ಲ.

“ನಂಗೆ ಕನ್ನಡ ಓದಕ್ಕೆ ಬರಲ್ಲ. ಅಲ್ಲೇನ್ ಬರ್ದಿದೆ ತಂಬಿ?”

“ತಾರೀಖು ಅಮ್ಮ.”

“ಯಾವ್ದರ ತಾರೀಖು?”

ಬಾವಿ ಶುಚಿ ಮಾಡಿದ್ದು ಎಂದರೆ ಮುಗಿಯುತ್ತಿತ್ತು. ಬಾಯಿಗೆ ಬಂದಿತ್ತು ಕೂಡ. “ನಾನ್ ಬಂದು ಈ ಮೀನ್ ಬಿಟ್ಟಿದ್ದು” ಎಂದೆ. “ನಿಮ್ಮ ಮೀನಿನ ಮರಿ ಎಲ್ಲ ಇವೇ ತಿಂದಿವೆ.”

ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ನನಗೂ ಏನಾದರೂ ಅನಿಸುತ್ತಿತ್ತೇನೋ. ಅವರು ನಾಲ್ಕು ಮೀನನ್ನು ಕೊಡಕ್ಕೆ ಹಾಕಿ, ಅದರ ಬಾಯಿಗೆ ಒದ್ದೆ ಬಟ್ಟೆ ಮುಚ್ಚಿದರು.

“ಗಾಡಿ ತೆಗಿ.”

ಕೊಡವನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತರು. ಕೆರೆಯವರೆಗೆ ನಾನು ಗುಂಡಿ ತಪ್ಪಿಸುವುದರಲ್ಲಿದ್ದೆ. ದಡದಲ್ಲಿ ಕೊಡ ಬಗ್ಗಿಸಿದಾಗ ನಾಲ್ಕೂ ಒಂದು ಗಳಿಗೆ ಅಲ್ಲೇ ನಿಂತು, ಆಮೇಲೆ ಕಾಣದಾದವು.

“ಇಲ್ಲಿಗೂ ಬಿಟ್ಟಿದೀಯಾ?”

“ಇಲ್ಲಮ್ಮ. ಪಟ್ಟಿಯಲ್ಲಿದೆ.”

“ಯಾವತ್ತು?”

“ಗುರುವಾರ.”

“ಗುರುವಾರ ಮೀನ್ ಮಾರಕ್ಕೆ ಹೋಗಲ್ಲ ಹಂಗಾದ್ರೆ. ಇಲ್ಲೇ ಕೂತಿರ್ತೀನಿ” ಎಂದರು. ಬೆದರಿಕೆಯ ದನಿಯಲ್ಲ, ನಾಳೆ ರೇಷನ್ ತರಬೇಕು ಎನ್ನುವ ದನಿ.

ಸೂಪರ್‌ವೈಸರ್ ಆನಂದ್‌ಗೆ ಫೋನ್ ಮಾಡಿ, ಈ ಕೆರೆ ಕೈಬಿಡೋಣ, ಇಲ್ಲಿ ಬೇರೆ ಮೀನಿದೆ ಎಂದೆ.

“ಎಷ್ಟಿವೆ?”

“ನಾಲ್ಕು ಸಾರ್.”

“ನಾಲ್ಕಾ? ಮಾರಾಯ, ನಿಂಗೆ ಆ ನಾಲ್ಕರ ಹೆಸರೂ ಗೊತ್ತೇನೋ! ಆ್ಯಪ್ ಒಪ್ಪಿದ್ರೆ ಕೆರೆ ಕೈಬಿಡು, ಇಲ್ಲಾಂದ್ರೆ ಎರಡು ಕ್ಯಾನ್ ಸುರಿದು ಬಾ.”

ಗುರುವಾರ ಹೋದಾಗ ಚಿನ್ನಮ್ಮ ಏರಿಯ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದರು. ನಾನು ಕ್ಯಾನ್ ಇಳಿಸಲಿಲ್ಲ. ಆ್ಯಪ್ ತೆರೆದು, ಕೆಲಸಕ್ಕೆ ಸೇರಿದ ಮೇಲೆ ಮೊದಲ ಸಲ, ‘ಇದೆ’ ಎಂದು ಒತ್ತಿದೆ. ಅದು ನಾಲ್ಕು ಫೋಟೋ ಕೇಳಿತು. ಪ್ಯಾಂಟು ಮಡಿಚಿ ಮೊಣಕಾಲಿನವರೆಗೆ ನೀರಿಗಿಳಿದು ಒಂದು ತೆಗೆದೆ. ಕಂದು ನೀರು. ಇನ್ನೊಂದು ತೆಗೆದೆ. ಕಂದು ನೀರು, ಅದರಲ್ಲಿ ನನ್ನ ಮುಖ. ‘ಮೀನು ಕಾಣುತ್ತಿಲ್ಲ, ಮತ್ತೆ ತೆಗೆಯಿರಿ’ ಎಂದಿತು ಆ್ಯಪ್. ಬೈಕಿನ ಮೇಲಿನ ಕ್ಯಾನಿಗೆ ಬಿಸಿಲು ಬೀಳುತ್ತಿತ್ತು.

“ಕಂಡ್ತಾ ತಂಬಿ?” ಏರಿಯ ಮೇಲಿಂದ ಚಿನ್ನಮ್ಮ ಕೇಳಿದರು.

“ಇಲ್ಲಮ್ಮ.”

ಅವರು ಎದ್ದು ಸೀರೆ ಸೊಂಟಕ್ಕೆ ಸಿಕ್ಕಿಸಿದರು. ಮಡಿಲಿನಿಂದ ಅನ್ನದ ಉಂಡೆ ತೆಗೆದು ನೀರಿಗಿಳಿದು ನನ್ನ ಪಕ್ಕ ನಿಂತರು.

“ಅಲ್ಲಾಡ್ಬೇಡ. ಇನ್ನೊಂದ್ ಸಲ ತೆಗಿ.”