ಆಯಿ ವಾಪಸ್ ಕೇಳಿದ ಹೆಬ್ಬೆಟ್ಟು

ಪ್ರಗತಿ ಪತ್ರ ಇನ್ನೂ ಹಳದಿ ರಟ್ಟಿನದಾಗಿದ್ದ ದಿನಗಳವು. ಅಂಕ ಹೋಗಿ ಎ, ಬಿ, ಸಿ ಎಂಬ ಅಕ್ಷರಗಳು ಬಂದಿದ್ದವು. ಫಲಿತಾಂಶ ಫೋನಿಗೆ ಬರುವ ಕಾಲ ಮಾತ್ರ ಬಂದಿರಲಿಲ್ಲ. ಆ ರಟ್ಟನ್ನು ಸರ್ ಕೈಯಿಂದ ಇಸಿದುಕೊಂಡು, ಅರ್ಧ ದಾರಿಯಲ್ಲಿ ಬೇವಿನ ಗಿಡದ ಕೆಳಗೆ ನಿಂತು ತೆರೆದು ನೋಡಿ, ಮತ್ತೆ ಮಡಚಿ, ಮನೆ ಬರುವವರೆಗೆ ಮುಖ ಸರಿಮಾಡಿಕೊಂಡವರು ನಿಮ್ಮಲ್ಲೂ ಇದ್ದೀರಿ. ನಿಮಗೆ ನಾನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮದು ಕರಜಗಿಯಿಂದ ಒಳಗೆ ಹೋಗುವ ಸಣ್ಣ ಊರು. ಸಾಲಿ ಏಳನೇ ತರಗತಿಯವರೆಗೆ ಮಾತ್ರ. ಎಂಟಕ್ಕೆ ಹೋಗಬೇಕೆಂದರೆ ಬಸ್ಸು ಹತ್ತಬೇಕು. ಹುಡುಗಿಯರು ಬಸ್ಸು ಹತ್ತುವುದು ಅಂದರೆ ಮನೆಮನೆಯಲ್ಲೂ ಒಂದೊಂದು ಪಂಚಾಯಿತಿ. ನಾನು ಏಳನೇ ಇಯತ್ತೆಯಲ್ಲಿದ್ದೆ. ಅಪ್ಪ ಕಬ್ಬು ಕಡಿಯುವ ಟೋಳಿಯ ಜೊತೆ ಹೋಗುವ ಮುಂಚೆ ಆಯಿಗೆ, ಅಂದರೆ ತನ್ನ ತಾಯಿಗೆ, ಒಂದು ಮಾತು ಹೇಳಿ ಹೋಗಿದ್ದ.

"ಯವ್ವಾ, ಇಕೀ ಕಾರ್ಡ್ ಬರ್ತದ. ಚಲೋ ಇದ್ರ ಮುಂದಿನ ಸಾಲಿಗಿ ಕಳಸೂಣು. ಇಲ್ಲಂದ್ರ ಸುಮ್ಮ ಬಸ್ಸಿನ ಹೈರಾಣ ಯಾಕ ಬೇಕು. ನೀ ನೋಡು. ನೀ ಅಂದದ್ದೇ ಆಖರಿ."

ಆಯಿಗೆ ಓದಲು ಬರುತ್ತಿರಲಿಲ್ಲ. ಆದರೆ ಊರಿನ ಬೀಜದ ಪರೀಕ್ಷೆಯೆಲ್ಲ ಅವಳದೇ. ಬೇಸಿಗೆ ಶೇಂಗಾ ಬಿತ್ತುವವರು ತಮ್ಮ ಬೀಜವನ್ನು ಅವಳ ಹತ್ತಿರ ತರುತ್ತಿದ್ದರು. ಆಯಿ ಹತ್ತು ಕಾಳು ಎಣಿಸಿ, ಹಳೆಯ ಧೋತರದ ಒದ್ದೆ ಚೂರಿನಲ್ಲಿ ಕಟ್ಟಿ, ಹಿತ್ತಾಳೆ ಚರಿಗೆಯಲ್ಲಿಟ್ಟು ಒಲೆಯ ಹಿಂದಿನ ಬೆಚ್ಚನೆ ಮೂಲೆಗೆ ಸರಿಸುತ್ತಿದ್ದಳು. ನಾಲ್ಕನೇ ದಿನ ಬಿಚ್ಚಿದರೆ ಹಸಿ ಮಣ್ಣು, ಹಸಿ ಶೇಂಗಾ, ಹೊಗೆ ಎಲ್ಲ ಸೇರಿದ ಒಂದು ವಾಸನೆ. ಎಷ್ಟು ಮೊಳಕೆ ಬಂದಿದೆಯೋ ಅಷ್ಟು ಹೇಳುತ್ತಿದ್ದಳು. ಅದರ ಮೇಲೆ ಊರು ಬಿತ್ತುತ್ತಿತ್ತು.

ಲೆಕ್ಕವನ್ನೂ ನಾನು ಅವಳಿಂದಲೇ ಕಲಿತದ್ದು. ಅಂಗಳದಲ್ಲಿ ಕೂತು ಆಣಿಕಲ್ಲು ಆಡುತ್ತ ಆಡುತ್ತ ಅವಳು ಕೇಳುತ್ತಿದ್ದಳು, ನಾನು ಕಲ್ಲು ಮೇಲೆ ಹಾರಿಸಿ ಅದು ಕೆಳಗೆ ಬರುವುದರೊಳಗೆ ಹೇಳಬೇಕು. "ದೊಡ್ಡ ಅಂಕಿ ಕಂಡ್ರ ಅಂಜಬ್ಯಾಡ ಬೇ. ಬಾಜೂಕ ಗುಂಡಗಿರೂ ಅಂಕಿ ಇರ್ತದ, ಅದರ ಮನಿಗಿ ಹೋಗಿ ಕುಂದರು. ದಣಿವು ಆರಿಸ್ಕೊಂಡು ಆಮ್ಯಾಲ ಎರಡ ಹೆಜ್ಜಿ ಹಿಂದ ಬಾ." ಹೀಗಾಗಿ ಸಾಲಿಯಲ್ಲಿ ನನಗೆ ಉತ್ತರ ಮೊದಲೇ ಗೊತ್ತಾಗಿಬಿಡುತ್ತಿತ್ತು. ಪಾಟಿಯ ಮೇಲೆ ಉತ್ತರ ಬರೆದು ಕಿಟಕಿಯ ಹೊರಗೆ ನೋಡುತ್ತ ಕೂರುತ್ತಿದ್ದೆ.

ಎಳ್ಳಮಾಸಿ ಹಬ್ಬ ಮುಗಿದಿತ್ತು. ಹೊಲದಲ್ಲಿ ಸೀತನಿ ಸುಡುವ ದಿನಗಳು. ಎಳೆಯ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು, ಗೋಣಿಚೀಲದ ಮೇಲೆ ಬಡಿದು, ಬಿಸಿ ಕಾಳನ್ನು ಶೇಂಗಾ ಹಿಂಡಿ ಚಟ್ನಿಯ ಜೊತೆ ಬಾಯಿಗೆ ಸುರಿದುಕೊಳ್ಳುವ ಸುಖಕ್ಕೆ ಸಾಲಿಯ ಹಾಜರಿಯೂ ಅರ್ಧವಾಗುತ್ತಿತ್ತು. ಅಂಥ ಒಂದು ಮಧ್ಯಾಹ್ನ ಕಾರ್ಡು ಕೊಟ್ಟರು. ಸೀತನಿ ಮುಕ್ಕುತ್ತ ಬೇವಿನ ಗಿಡದ ಕೆಳಗೆ ತೆರೆದೆ. ಕನ್ನಡ ಎ. ಸಮಾಜ ಬಿ. ಗಣಿತ ಸಿ. ಪಕ್ಕದ ಷರಾದಲ್ಲಿ ಕೆಂಪು ಶಾಯಿಯಲ್ಲಿ: ‘ನೋಡಿ ಬರೆಯುತ್ತಾಳೆ.’

ನಾನು ಯಾರದನ್ನೂ ನೋಡಿ ಬರೆದಿರಲಿಲ್ಲ. ಬಾಯೊಳಗಿನ ಸೀತನಿ ಹಿಟ್ಟಿನ ಹಾಗೆ ಆಗಿಬಿಟ್ಟಿತು.

ಓದಿ ಹೇಳದ ಕಾಗದಕ್ಕೆ ಆಯಿ ಹೆಬ್ಬೆಟ್ಟು ಒತ್ತುತ್ತಿರಲಿಲ್ಲ. ಹೆಬ್ಬೆಟ್ಟು ಅಂದರೆ ಬಾಯಿಮಾತು, ಅದನ್ನು ಎಂಜಲು ಮಾಡಬಾರದು ಅನ್ನುತ್ತಿದ್ದಳು. ಆದರೆ ಮನೆಯಲ್ಲಿ ಓದಬಲ್ಲವಳು ನಾನೊಬ್ಬಳೇ. ಪರೀಕ್ಷೆ ಬರೆದವಳೂ ನಾನೇ, ಫಲಿತಾಂಶ ಓದಿ ಹೇಳುವವಳೂ ನಾನೇ. ಅವತ್ತಿನವರೆಗೆ ಇದರಲ್ಲಿ ಒಂದು ಸೌಲಭ್ಯವಿದೆ ಅಂತ ನನಗೆ ಹೊಳೆದಿರಲಿಲ್ಲ.

"ಓದು ಬೇ ಶಾಂತಾ."

"ಕನ್ನಡ ಎ. ಸಮಾಜ ಬಿ."

"ಲೆಕ್ಕ?"

"ಲೆಕ್ಕ ಎ." ನನ್ನ ಧ್ವನಿ ನನಗೇ ಬೇರೆ ಯಾರದೋ ಎಂಬಂತೆ ಕೇಳಿಸಿತು. "ಬಾಜೂಕ ಬರದಾರ, ಜಾಣ ಹುಡುಗಿ ಅಂತ."

ಆಯಿ ರೊಟ್ಟಿ ಹಂಚಿನ ತಳದ ಮಸಿ ಕೆರೆದು, ಒಂದು ಹನಿ ಕುಸುಬಿ ಎಣ್ಣೆ ಹಾಕಿ ಕಲಸಿ, ಹೆಬ್ಬೆಟ್ಟು ಅದ್ದಿ, ನಾನು ತೋರಿಸಿದ ಜಾಗದಲ್ಲಿ ಒತ್ತಿದಳು. ಒತ್ತಿದ ಮೇಲೆ ಸ್ವಲ್ಪ ಹೊತ್ತು ಬೆರಳು ಎತ್ತಲಿಲ್ಲ. ಮರುದಿನ ಕಾರ್ಡು ಸಾಲಿಗೆ ವಾಪಸ್ ಹೋಯಿತು.

ಸುಳ್ಳು ಹೇಳಿ ಮುಗಿಯಿತೆಂದುಕೊಂಡಿದ್ದೆ. ಆದರೆ ಆಯಿ ಅದನ್ನು ಹೊತ್ತುಕೊಂಡು ಊರು ತಿರುಗತೊಡಗಿದಳು. ಸೀತನಿ ಸುಡುವಲ್ಲಿ, ಬಾವಿಯಲ್ಲಿ, ಗಿರಣಿಯಲ್ಲಿ, "ನಮ್ಮ ಶಾಂತಾಗ ಲೆಕ್ಕದಾಗ ಎ ಬಂದದ ನೋಡ್ರಿ, ಮಾಸ್ತರ್ ತಾವೇ ಬರದಾರ, ಜಾಣ ಅಂತ." ಕೇಳಿದವರು ನನ್ನ ಗಲ್ಲ ಸವರುತ್ತಿದ್ದರು.

ಮೂರನೇ ದಿನ ಪಕ್ಕದ ಮನೆಯ ಬಸಣ್ಣ ತನ್ನ ಬೀಜದ ಫಲಿತಾಂಶಕ್ಕೆ ಬಂದ. ಆಯಿ ಗಂಟು ಬಿಚ್ಚಿ ಅಂಗೈಯಲ್ಲಿ ಹರವಿದಳು.

"ಆರು ಬಂದಾವ."

ಬಸಣ್ಣ ತಲೆ ಕೆರೆದುಕೊಂಡ. "ಆಯಿ, ಎಂಟ್ ಅನ್ನು. ನಮ್ಮಣ್ಣ ಕೇಳಿದ್ರ ಬೈತಾನ, ಇಂಥಾ ಬೀಜ ಯಾಕ ತಂದೀದಿ ಅಂತ."

"ನಾ ಎಂಟ್ ಅಂದ್ರ ಹೊಲದಾಗ ಎಂಟ್ ಬರ್ತಾವೇನಲೇ? ಮಣ್ಣಿಗಿ ಗೊತ್ತಿರ್ತದ." ಆಮೇಲೆ ಅವನ ಮುಖ ನೋಡಿ ದನಿ ಇಳಿಸಿದಳು. "ಬೀಜ ಕೆಟ್ಟದ ಅಂತ ನಾ ಎಲ್ಲಿ ಅಂದೆ. ನೀ ಚೀಲದ ಬಾಯಾಗಿನವು ತಂದೀದಿ. ಅವು ಬಿಸಲಿಗಿ ಬೆಂದಾವ. ಬುಡದಾಗಿನ್ವು ತಾ, ನಡುವಿನ್ವು ತಾ. ಮತ್ತೊಮ್ಮಿ ಕಟ್ಟೂಣು. ಒಂದು ಮುಷ್ಟಿ ನೋಡಿ ಚೀಲಕ್ಕ ಹೆಸರ ಇಡಬಾರದು."

ಬಸಣ್ಣ ಹೋದ. ನಾನು ಅಲ್ಲೇ ಕೂತಿದ್ದೆ. ಮೊಳಕೆ ಬಾರದ ನಾಲ್ಕು ಕಾಳು ಅವಳ ಅಂಗೈಯಲ್ಲಿ ಹಾಗೇ ಇದ್ದವು.

"ಆಯಿ, ಲೆಕ್ಕದಾಗ ಎ ಇಲ್ಲ. ಸಿ ಅದ. ನೋಡಿ ಬರೀತಾಳ ಅಂತ ಬರದಾರ."

ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆಯಲಿಲ್ಲ. ಕಾಳುಗಳನ್ನು ಕೋಳಿಗೆ ಎಸೆದು ಸೆರಗಿಗೆ ಕೈ ಒರೆಸಿಕೊಂಡಳು.

"ಊರೆಲ್ಲ ಹೇಳಿ ಬಂದೇನಿ. ನನ್ನ ಬಾಯಿಲೆ ಸುಳ್ಳ ಆಡಿಸಿದಿ. ಅದರದು ಆಮ್ಯಾಲ ನೋಡ್ತೇನಿ ನಿನಗ. ಮೊದ್ಲ ಇದನ್ನ ಹೇಳು. ನೋಡಿ ಬರದಿದ್ದೇನು?"

"ಇಲ್ಲ."

"ನನ್ನ ಕಣ್ಣಾಗ ನೋಡಿ ಹೇಳು."

"ಇಲ್ಲ ಆಯಿ. ನಾನೇ ಮಾಡೇನಿ, ನೀ ಹೇಳಿಕೊಟ್ಟಂಗ."

"ಹಂಗಾರ ನಡಿ."

ಮಧ್ಯಾಹ್ನದ ಊಟ ಮುಗಿದು ಮಕ್ಕಳು ತಟ್ಟೆ ತೊಳೆಯುತ್ತಿದ್ದರು. ಕಾರ್ಡು ಕೊಟ್ಟ ನಮ್ಮ ಸರ್ ಮೇಜಿನ ಮೇಲೆ ಅಗಲವಾದ ರಜಿಸ್ಟರು ಹರವಿಕೊಂಡು ಕಾಲಂ ತುಂಬುತ್ತಿದ್ದರು. ಅವರು ಕೆಟ್ಟವರಲ್ಲ, ಈಗ ಇನ್ನೂ ಚೆನ್ನಾಗಿ ಗೊತ್ತು. ಎರಡು ತರಗತಿ, ಎಲ್ಲಾ ವಿಷಯ, ಪ್ರತಿ ಮಗುವಿಗೆ ಅಷ್ಟಷ್ಟು ಕಾಲಂ. ಆಯಿ ಚಪ್ಪಲಿ ಬಾಗಿಲಲ್ಲಿ ಬಿಟ್ಟು ಒಳಗೆ ಬಂದಳು.

"ಶರಣ್ರಿ ಮಾಸ್ತರ್. ನನ್ನ ಹೆಬ್ಬಟ್ಟ ವಾಪಸ್ ಕೊಡ್ರಿ."

ಸರ್ ಪೆನ್ನು ಕೆಳಗಿಟ್ಟರು. "ಏನ್ ಕೊಡ್ಲಿ?"

"ಕಾರ್ಡಿನ ಮ್ಯಾಲ ಒತ್ತೇನಲ್ರಿ, ಅದು. ಈ ಹುಡುಗಿ ಒಂದು ಓದಿದ್ಲು, ಅದರಾಗ ಇನ್ನೊಂದು ಇತ್ತು. ಅದಕ್ಕ ನಾ ಕೊಟ್ಟಿದ್ದಲ್ಲ."

ಬಾಗಿಲಲ್ಲಿ ತಟ್ಟೆ ಹಿಡಿದ ಮಕ್ಕಳು ಸೇರತೊಡಗಿದರು. ಸರ್ ನನ್ನನ್ನು ನೋಡಿದರು. ನಾನು ಗೋಡೆಯ ಮೇಲಿನ ಭಾರತದ ನಕ್ಷೆ ನೋಡಿದೆ.

"ಆಯಿ, ಸಹಿ ಆಗ್ಯಾದ, ತಾಲೂಕಿಗಿ ಯಾದಿ ಸೈತ ಹೋಗ್ಯಾದ. ಈಗೇನ್ ಮಾಡಾಕ ಬರ್ತದ?"

"ಸಿ ಯಾಕ ಕೊಟ್ರಿ?"

"ಉತ್ತರ ಎಲ್ಲಾ ಬರೋಬ್ಬರಿ ಅದಾವ, ನಡುವ ಹಂತನೇ ಇಲ್ಲ. ಹಂತ ಇಲ್ದ ಉತ್ತರ ಬಂತಂದ್ರ ಮಗ್ಗಲದಾಕೀದು ನೋಡಿ ಬರದಾಳ ಅಂತಲೇ ಅಲ್ಲೇನ್ರಿ?"

"ಮಗ್ಗಲ ಕುಂತಾಕೀದು ಬರೋಬ್ಬರಿ ಅದಾವೇನು?"

ಸರ್ ಬಾಗಿಲ ಕಡೆ ನೋಡಿದರು. ನನ್ನ ಪಕ್ಕ ಕೂರುತ್ತಿದ್ದವಳು ಮಹಾದೇವಿ. ಅವಳು ಬಾಗಿಲಿನಿಂದಲೇ ಹೇಳಿದಳು, "ನಂದು ಎಲ್ಲಾ ತಪ್ಪ ಅದಾವ್ರಿ ಸರ್." ಮಕ್ಕಳೆಲ್ಲ ನಕ್ಕರು. ಅವಳೂ ನಕ್ಕಳು.

"ಈಕೀಗಿ ಕೇಳಿದ್ರೇನು, ಹೆಂಗ ಮಾಡಿದಿ ಅಂತ?" ಆಯಿ ಬಿಡಲಿಲ್ಲ. "ನಾ ಒಂದು ಕಾಳು ಮೊಳೀತದೋ ಇಲ್ಲೋ ಅನ್ನಾಕ ನಾಕ್ ದಿನ ತಗೋತೇನ್ರಿ. ನೀವು ಇದಕ್ಕ ಒಂದು ಮಾತು ಕೇಳಿಲ್ಲ. ಈಗ ಕೇಳ್ರಿ, ನನ್ನ ಮುಂದ."

ಸರ್ ಬೇಸರದಿಂದಲೋ, ಕುತೂಹಲದಿಂದಲೋ, ಕುರ್ಚಿಯಲ್ಲಿ ನೆಟ್ಟಗಾದರು. "ಒಂದ್ ಚೀಲಕ್ಕ ನಲವತ್ತೆಂಟ್ ಕಿಲೋ. ಹದಿನೇಳ ಚೀಲಕ್ಕ?"

"ಎಂಟನೂರಾ ಹದಿನಾರ್ರಿ."

"ಹೆಂಗ?"

ನನಗೆ ನಾಚಿಕೆಯಾಯಿತು. ಮನೆಯ ಅಂಗಳದ ಮಾತನ್ನು ಸಾಲಿಯಲ್ಲಿ ಆಡಬೇಕಿತ್ತು. "ಹದಿನೇಳ ಐವತ್ತಲೆ ಎಂಟನೂರಾ ಐವತ್ತ್ರಿ. ಪ್ರತಿ ಚೀಲಕ್ಕ ಎರಡ್ ಜಾಸ್ತಿ ಹಿಡದೇವಿ. ಹದಿನೇಳ ಎರಡಲೆ ಮೂವತ್ನಾಕು. ಅದನ್ನ ತಗದಬಿಟ್ರ ಬಂತ್ರಿ."

ಸರ್ ರಜಿಸ್ಟರಿನ ಮೂಲೆಯಲ್ಲಿ ತಾವೇ ಒಮ್ಮೆ ಗುಣಿಸಿ ನೋಡಿದರು. "ಇದೇ ಹಂತ ಅಲ್ಲೇನ್ ಹುಚ್ಚಿ? ಪೇಪರಿನ್ಯಾಗ ಯಾಕ ಬರೀಲಿಲ್ಲ?"

"ಪುಸ್ತಕದಾಗ ಹಿಂಗ ಇಲ್ರಿ ಸರ್."

ಸರ್ ಕುರ್ಚಿಯಿಂದ ಎದ್ದರು. ಆಮೇಲೆ ಕಪಾಟಿನಿಂದ ಕಾರ್ಡುಗಳ ಕಟ್ಟು ತೆಗೆದು ನನ್ನದನ್ನು ಹುಡುಕಿದರು. ಕೆಂಪು ಶಾಯಿಯ ಷರಾವನ್ನು ಎರಡು ಗೆರೆ ಎಳೆದು ಹೊಡೆದುಹಾಕಿದರು. "ಷರಾ ತಗದೇನಿ. ಸಿ ಮಾತ್ರ ನನ್ನ ಕೈಯಾಗಿಲ್ಲ ಆಯಿ. ಯಾದಿ ಹೋಗ್ಯಾದ. ವರ್ಷದ ಕೊನೀಗಿ ನೋಡೂಣು."

"ಸಿ ಇರಲಿ. ಅದು ನಿಮ್ಮ ಮ್ಯಾಲಿನವರ ಮಾತು. ಅದಕ್ಕ ನನ್ನ ಒಪ್ಪಿಗಿ ಯಾಕ ಇರಬೇಕು? ನನ್ನ ಹೆಬ್ಬಟ್ಟಿನ ಬುಡಕ್ಕ ಬರೀರಿ."

"ಏನಂತ?"

"ಈ ಹೆಬ್ಬಟ್ಟಿನಾಕೀಗಿ ಇದು ನಾಮಂಜೂರ ಅಂತ."

"ಹಂಗ ಬರ್ಯಾಕ ಕಾಲಂ ಇಲ್ರಿ."

"ಜಾಗ ಅದ ಇಲ್ಲೋ?"

ಜಾಗವಿತ್ತು. ಸರ್ ಬರೆದರು. ಕಾರ್ಡನ್ನು ಓದಲು ನಾನು ಕೈ ಚಾಚಿದೆ. ಆಯಿ ನನ್ನ ಕೈಯನ್ನು ಸರಿಸಿದಳು.

"ನೀ ಬ್ಯಾಡ. ನಿನ್ನ ಓದು ನೋಡೇನಿ. ಮಾದೇವೀ, ನೀ ಬಾ ಇಲ್ಲಿ."

ಎಲ್ಲ ಉತ್ತರ ತಪ್ಪು ಬರೆದಿದ್ದ ಮಹಾದೇವಿ ಒದ್ದೆ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಬಂದಳು. ಅಕ್ಷರ ಅಕ್ಷರ ಕೂಡಿಸಿ, ಸಾಲಿಯಲ್ಲಿ ಯಾವತ್ತೂ ಓದದಷ್ಟು ಗಟ್ಟಿಯಾಗಿ ಓದಿದಳು: ‘ಈ ಹೆಬ್ಬೆಟ್ಟಿನವರಿಗೆ ಇದು ನಾಮಂಜೂರು.’ ಆಯಿ ಅವಳಿಂದ ಎರಡು ಸಲ ಓದಿಸಿದಳು. ಸರ್ ತಮ್ಮ ನೀಲಿ ಶಾಯಿಯ ಪ್ಯಾಡು ಮುಂದೆ ಸರಿಸಿದರು. ಮಸಿಯ ಹೆಬ್ಬೆಟ್ಟಿನ ಕೆಳಗೆ ನೀಲಿ ಹೆಬ್ಬೆಟ್ಟು ಬಿತ್ತು.

ನನಗೆ ಆ ದಿನ ರೊಟ್ಟಿ ಇರಲಿಲ್ಲ. ಅದು ಸುಳ್ಳು ಓದಿದ್ದಕ್ಕೆ. ಮರುದಿನ ಆಯಿ ನನ್ನನ್ನು ಬಾವಿಗೆ, ಗಿರಣಿಗೆ ಕರೆದುಕೊಂಡು ಹೋಗಿ ಅದೇ ಜನರ ಮುಂದೆ ಹೇಳಿಸಿದಳು: "ಎ ಅಲ್ರಿ, ಸಿ ಬಂದದ." ಪ್ರತಿ ಸಲವೂ ಅವಳು ಹಿಂದಿನಿಂದ ಒಂದು ಮಾತು ಸೇರಿಸುತ್ತಿದ್ದಳು: "ನಾ ಒಪ್ಪಿಲ್ರಿ ಮತ್ತ."

ಕಬ್ಬು ಕಡಿಯಲು ಹೋಗಿದ್ದ ಅಪ್ಪ ಬಂದವನು ಗಂಟು ಇಳಿಸುವ ಮುಂಚೆಯೇ ಕಾರ್ಡಿನ ವಿಷಯ ಕೇಳಿದ. ಆಯಿ ಜೋಳ ಹಸನು ಮಾಡುತ್ತಿದ್ದ ಮೊರದಿಂದ ತಲೆ ಎತ್ತಲಿಲ್ಲ.

"ಸಿ ಅಂತ ಬರದಾರ. ನಾ ನಾಮಂಜೂರ ಮಾಡೇನಿ. ಬಸ್ಸಿನ ಪಾಸ ಮಾಡಿಸು."

ಅಪ್ಪ ಮಾಡಿಸಿದ.

ನಾನು ಈಗ ಯಡ್ರಾಮಿ ಕಡೆಯ ಒಂದು ಸಾಲಿಯಲ್ಲಿ ಗಣಿತ ಕಲಿಸುತ್ತೇನೆ. ನನ್ನ ನೇಮಕಾತಿಯ ಕಾಗದ ಬಂದ ದಿನವೂ ಆಯಿ ಅದನ್ನು ನನ್ನಿಂದ ಓದಿಸಲಿಲ್ಲ. ತವರಿಗೆ ಬಂದಿದ್ದ ಮಹಾದೇವಿಯನ್ನು ಕರೆಸಿದಳು. ಮಹಾದೇವಿ ಓದಿ ಮುಗಿಸಿದ ಮೇಲೆಯೇ ಆಯಿ ನನ್ನ ತಲೆ ಮೇಲೆ ಕೈ ಇಟ್ಟಳು. ಆಯಿ ಹೋಗಿ ಮೂರು ವರ್ಷವಾಯಿತು. ಶೇಂಗಾ ಬೀಜ ಈಗ ಮೊಹರು ಹಾಕಿದ ಚೀಲದಲ್ಲಿ ಬರುತ್ತದೆ, ಒದ್ದೆ ಬಟ್ಟೆಯಲ್ಲಿ ಯಾರೂ ಕಟ್ಟುವುದಿಲ್ಲ. ಹಳದಿ ರಟ್ಟೂ ಇಲ್ಲ. ನಾನು ಫೋನಿನಲ್ಲಿ ಅಕ್ಷರ ಒತ್ತಿದರೆ ಪಾಲಕರ ಫೋನಿನಲ್ಲಿ ಟಣ್ ಅನ್ನುತ್ತದೆ, ಅಲ್ಲಿಗೆ ಮುಗಿಯಿತು. ಹೆಬ್ಬೆಟ್ಟಿಗೆ ಜಾಗವಿಲ್ಲ. ಜಾಗವೇ ಇಲ್ಲದ ಮೇಲೆ ನಾಮಂಜೂರು ಎಲ್ಲಿ ಬರೆಸುವುದು? ನಾವು ಕಳೆದುಕೊಂಡದ್ದು ರಟ್ಟನ್ನಲ್ಲ, ಅದರ ಕೆಳಗಿನ ಆ ನಾಲ್ಕು ಬೆರಳು ಖಾಲಿ ಜಾಗವನ್ನು.

ಅದಕ್ಕೇ ನನ್ನ ಮೇಜಿನ ಮೇಲೆ ಒಂದು ಉದ್ದ ವಹಿ ಪುಸ್ತಕ, ಒಂದು ನೀಲಿ ಪ್ಯಾಡು ಇಟ್ಟಿದ್ದೇನೆ. ಅದರಲ್ಲಿ ಪ್ರತಿ ಮಗುವಿನ ಅಕ್ಷರ, ಕೆಳಗೆ ಪಾಲಕರಿಗೆ ಖಾಲಿ ಜಾಗ. ಅಕ್ಷರ ಒತ್ತುವ ಮುಂಚೆ ಆ ಮಗುವನ್ನು ಕರೆದು ‘ಹೆಂಗ ಮಾಡಿದಿ’ ಅಂತ ಕೇಳುತ್ತೇನೆ. ಇದಕ್ಕೆ ಹೊತ್ತು ಹಿಡಿಯುತ್ತದೆ, ನನ್ನ ಯಾದಿ ತಡವಾಗುತ್ತದೆ, ನೋಟಿಸು ಬರುತ್ತದೆ. ಬರಲಿ. ಒಮ್ಮೆ ಪರಿಶೀಲನೆಗೆ ಬಂದ ಸಾಹೇಬರು ವಹಿ ತಿರುವಿ, "ಇದಕ್ಕೇನ್ ಆದೇಶ ಅದೇನ್ರಿ ಮೇಡಂ?" ಅಂದರು. "ಆದೇಶ ಇಲ್ರಿ, ಜಾಗ ಅದ," ಅಂದೆ.

ಹೋದ ತಿಂಗಳು ಒಬ್ಬ ಮುದುಕಿ ಮೊಮ್ಮಗನ ಕೈ ಹಿಡಿದುಕೊಂಡು ಬಂದಳು. ಅವನ ಗಣಿತದ ಮುಂದೆ ನಾನು ಸಿ ಬರೆದಿದ್ದೆ. ಪ್ಯಾಡು ಮುಂದೆ ಸರಿಸಿದೆ. ಆಕೆ ಹೆಬ್ಬೆಟ್ಟನ್ನು ಮಡಚಿ ಮುಷ್ಟಿಯೊಳಗೆ ಇಟ್ಟುಕೊಂಡಳು.

"ಏನ್ ಬರದೀರಿ, ಮೊದ್ಲ ಓದ್ರಿ ಟೀಚರ್."

ನಾನು ವಹಿ ಎತ್ತಿಕೊಂಡೆ, ಬಾಯಿ ತೆರೆದೆ. ಆಮೇಲೆ ವಹಿಯನ್ನು ಕೆಳಗಿಟ್ಟು, ಪಕ್ಕದ ತರಗತಿಯಿಂದ ಒಂದು ಹುಡುಗಿಯನ್ನು ಕರೆದೆ.

"ಬಾ ಬೇ ಇಲ್ಲಿ. ನಾ ಬರದದ್ದ ನೀ ಓದು. ಗಟ್ಟಿಯಾಗಿ ಓದು."